ಗರಿಕೆ ಕೊಲ್ಲಿಯ ದಡದಲ್ಲಿ 24 ರಾತ್ರಿ: ಶ್ರೀಲಂಕಾದ ಕ್ಯಾರವಾನ್ ವಾಸ ಹೇಗಿತ್ತು?

ಜೂನ್ ಬಂತು ಅಂದರೆ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆಯಲ್ಲಿ ಕಡಲಿನ ಹತ್ತಿರ ಹೋಗುವವರು ಕಡಿಮೆ. ರಾತ್ರಿ ಕಿಟಕಿ ಮುಚ್ಚಿ ಮಲಗಿದರೂ ಅದರ ಸದ್ದು ಒಳಗೆ ಬರುತ್ತದೆ. ಉಪ್ಪಳದ ಮುಸೋಡಿ ಕಡೆ ದಂಡೆಯನ್ನು ಕೊರೆಯುತ್ತಾ ಮನೆಗಳ ತನಕ ಬಂದುಬಿಡುತ್ತದೆ. ಜೂನ್ 9ರ ನಡುರಾತ್ರಿ ಟ್ರಾಲಿಂಗ್ ನಿಷೇಧ ಶುರುವಾದರೆ ಜುಲೈ 31ರವರೆಗೆ 52 ದಿನ ದೊಡ್ಡ ಬೋಟುಗಳು ಹೊರಗೆ ಹೋಗುವುದಿಲ್ಲ, ಮೀನಿನ ರೇಟು ಕೇಳಿ ಖಾಲಿ ಚೀಲದಲ್ಲಿ ಮನೆಗೆ ಬರಬೇಕು. ಅಂಥ ಜೂನ್‌ನಲ್ಲಿ ನಾನೂ ನಮ್ಮ ಯಜಮಾನರೂ 24 ರಾತ್ರಿ ಕಡಲಿನಿಂದ ಅರವತ್ತು ಹೆಜ್ಜೆ ದೂರದಲ್ಲಿ, ಚಕ್ರದ ಮೇಲಿನ ಪುಟ್ಟ ಮನೆಯಂಥ ಒಂದು ಕ್ಯಾರವಾನಿನಲ್ಲಿ ಮಲಗಿ, ಕೊಡೆ ಒಮ್ಮೆಯೂ ಬಿಡಿಸದೆ, ದಿನಾ ತಾಜಾ ಮೀನು ತಿಂದು ಬಂದೆವು. ಇದು ಶ್ರೀಲಂಕಾದ ಪೂರ್ವ ಕರಾವಳಿಯ ಅರುಗಂ ಬೇ ಹತ್ತಿರದ ಒಂದು ಸಣ್ಣ ಕ್ಯಾಂಪ್. ಹೇಗಿತ್ತು ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಮುಗಿಯುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹೋಗಬಹುದಾ? ಖಂಡಿತ ಹೋಗಬಹುದು. ಆದರೆ ಕ್ಯಾರವಾನಿನ ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಅದು ನಿಂತಿರುವ ಜಾಗದ ಫೋಟೋ ಕೇಳಿ, ಅದೂ ಮಧ್ಯಾಹ್ನ ಮೂರು ಗಂಟೆಗೆ ತೆಗೆದದ್ದು. ನೆರಳು ಎಲ್ಲಿ ಬೀಳುತ್ತದೆ ಅಂತ ಅದರಲ್ಲಿ ಕಾಣುತ್ತದೆ. ಎರಡು ದಿನಕ್ಕೆ ಹೋಗುವವರಿಗೆ ಇದು ದೊಡ್ಡ ವಿಷಯವಲ್ಲ. ಮೂರು ವಾರಕ್ಕೂ ಜಾಸ್ತಿ ಇರುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಜಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಮಳೆ ಸುರಿಸುವ ನೈಋತ್ಯ ಮುಂಗಾರು ಶ್ರೀಲಂಕಾಕ್ಕೂ ಬರುತ್ತದೆ, ಆದರೆ ನಡುವಿನ ಬೆಟ್ಟಗಳು ಅದನ್ನು ತಡೆಯುವುದರಿಂದ ಪಶ್ಚಿಮ ಭಾಗ ಒದ್ದೆಯಾಗಿ ಪೂರ್ವ ಭಾಗ ಒಣಗಿಯೇ ಇರುತ್ತದೆ. ಅಲ್ಲಿ ಮಳೆ ಹಿಡಿಯುವುದು ಅಕ್ಟೋಬರಿನಿಂದ ಜನವರಿವರೆಗೆ. ಹಾಗಾಗಿ ನಮ್ಮ ಆಟಿಯ ಮಳೆಯ ದಿನಗಳಲ್ಲಿ ಅಲ್ಲಿ ಬಿಸಿಲು, ತಿಳಿಯಾದ ಕಡಲು. ಪಶ್ಚಿಮದ ಮೀನುಗಾರರೇ ಈ ತಿಂಗಳುಗಳಲ್ಲಿ ದೋಣಿ, ಬಲೆ ಕಟ್ಟಿಕೊಂಡು ಪೂರ್ವಕ್ಕೆ ಬರುತ್ತಾರೆ. ಅರುಗಂ ಬೇ ಇರುವುದು ಅಂಪಾರ ಜಿಲ್ಲೆಯಲ್ಲಿ, ಪೊತ್ತುವಿಲ್ ಪೇಟೆಯ ಪಕ್ಕ. ತಮಿಳಿನಲ್ಲಿ ಅರುಗಂ ಅಂದರೆ ನಮ್ಮ ಗರಿಕೆ ಹುಲ್ಲು, ಗಣಪತಿಗೆ ಇಡುತ್ತೇವಲ್ಲ, ಅದೇ. ಗರಿಕೆ ಕೊಲ್ಲಿ ಅಂತ ಗೊತ್ತಾದ ಮೇಲೆ ನನಗೆ ಆ ಊರು ಪರಕೀಯ ಅನ್ನಿಸಲೇ ಇಲ್ಲ. ಜಗತ್ತಿನ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಅಲೆಯ ಮೇಲೆ ಹಲಗೆ ಓಡಿಸಲು ಬರುತ್ತಾರೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅದರ ಕಾಲ. ನಮಗೆ ಅದರ ಹುಚ್ಚಿಲ್ಲ. ಕೆಲಸದಲ್ಲಿದ್ದಷ್ಟು ವರ್ಷ ಒಂದು ವಾರಕ್ಕಿಂತ ಜಾಸ್ತಿ ಎಲ್ಲಿಯೂ ಇರಲು ಆಗಿರಲಿಲ್ಲ. ನಾನು ಕನ್ನಡ ಶಾಲೆಯಲ್ಲಿ, ಇವರು ಕರೆಂಟಿನ ಕೆಲಸದಲ್ಲಿ. ಇಬ್ಬರೂ ನಿವೃತ್ತರಾದ ಮೇಲೆ ಒಂದೇ ಕಡೆ ತುಂಬಾ ದಿನ ಸುಮ್ನೆ ಇರಬೇಕು ಅಂತ ಆಸೆ ಇತ್ತು, ಅಷ್ಟೇ.

ಹೋಗುವುದು ಸುಲಭ. ಕಾಸರಗೋಡಿನಿಂದ ವಂದೇ ಭಾರತ್ ಹಿಡಿದು ಎರ್ನಾಕುಳಂ, ಕೊಚ್ಚಿಯಿಂದ ಕೊಲಂಬೊಗೆ ನೇರ ವಿಮಾನ. ಹಾರಾಟ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಇಟಿಎ ಅನ್ನುವ ಪ್ರವೇಶ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬೇಕು, ಅದು 30 ದಿನಕ್ಕೆ ಸಿಗುತ್ತದೆ. ನಾವು 24 ರಾತ್ರಿಗೆ ನಿಲ್ಲಿಸಿದ್ದೂ ಅದೇ ಲೆಕ್ಕದಲ್ಲಿ, ಹೋಗಿ ಬರುವ ದಾರಿಗೆ ಎರಡು ಮೂರು ದಿನ ಇಟ್ಟುಕೊಂಡು. ಕೊಲಂಬೊದಿಂದ ಪೊತ್ತುವಿಲ್‌ಗೆ ಸುಮಾರು 320 ಕಿಲೋಮೀಟರ್. ರಾತ್ರಿ ಬಸ್ಸೂ ಇದೆ, ನಾವು ಕಾರು ಮಾಡಿಕೊಂಡು ಹಗಲಿನಲ್ಲೇ ಹೋದೆವು. ಹಗಲಿನಲ್ಲಿ ಹೋದದ್ದಕ್ಕೆ ಒಂದು ಲಾಭ ಸಿಕ್ಕಿತು. ದಾರಿ ಬದಿಯಲ್ಲಿ ಮಣ್ಣಿನ ಚಟ್ಟಿಗಳಲ್ಲಿ ಎಮ್ಮೆ ಮೊಸರು ಮಾರುತ್ತಾರೆ, ಚಟ್ಟಿ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಅದಕ್ಕೆ ಕಿತುಲ್ ಪಾನಿ ಹಾಕಿ ತಿನ್ನಬೇಕು. ಕಿತುಲ್ ಅಂದರೆ ನಮ್ಮ ಬೈನೆ ಮರ, ಅದರ ನೀರಾ ಕಾಯಿಸಿ ಮಾಡಿದ ಪಾಕ. ಎರಡು ಚಟ್ಟಿ ಮೊಸರು, ಒಂದು ಬಾಟಲಿ ಪಾಕ ಹಿಡಿದುಕೊಂಡೇ ಕ್ಯಾಂಪಿಗೆ ಕಾಲಿಟ್ಟೆವು.

ಈಗ ಕ್ಯಾರವಾನ್. ಕ್ಯಾಂಪಿನಲ್ಲಿ ಒಟ್ಟು ಎಂಟು ಜಾಗ. ನಾಲ್ಕರಲ್ಲಿ ಕ್ಯಾರವಾನ್ ನಿಂತಿದೆ, ಉಳಿದದ್ದು ಡೇರೆ ಹಾಕುವವರಿಗೆ ಮತ್ತು ತಮ್ಮದೇ ವ್ಯಾನಿನಲ್ಲಿ ಬರುವವರಿಗೆ. ನಮ್ಮದು ದಕ್ಷಿಣದ ತುದಿಯದ್ದು, ಬಿಳಿ ಮೈಗೆ ನೀಲಿ ಪಟ್ಟೆ, 16 ಅಡಿ ಉದ್ದ. ಓಡಾಡುವ ಕ್ಯಾರವಾನ್ ಅಲ್ಲ, ಚಕ್ರಗಳ ಬದಿಗೆ ಕಲ್ಲು ಕೊಟ್ಟು ಮಟ್ಟ ಮಾಡಿ ನಿಲ್ಲಿಸಿದ್ದಾರೆ. ಒಳಗೆ ಒಂದು ತುದಿಯಲ್ಲಿ ಇಬ್ಬರು ಮಲಗುವ ಮಂಚ, ಇನ್ನೊಂದು ತುದಿಯಲ್ಲಿ ಮೇಜು ಮತ್ತು ಎರಡು ಕೂರುವ ಪೆಟ್ಟಿಗೆ, ನಡುವೆ ಎರಡು ಬರ್ನರಿನ ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಿಂಕ್, ಅದರ ಕೆಳಗೆ ಪುಟ್ಟ ಫ್ರಿಜ್. ಮಂಚದ ಮೇಲೆ ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಒಂದು ಕಿಂಡಿ, ಸೊಳ್ಳೆಬಲೆ ಇದೆ. ರಾತ್ರಿ ಆ ಕಿಂಡಿ ತೆರೆದು ಮಲಗಿದರೆ ನಕ್ಷತ್ರ ಕಾಣುತ್ತದೆ, ಕಡಲಿನ ಗಾಳಿ ನೇರ ಮುಖಕ್ಕೆ ಬರುತ್ತದೆ. ಹಾಸಿಗೆ ಚೆನ್ನಾಗಿತ್ತು, ಬಟ್ಟೆಗಳು ಶುಚಿಯಾಗಿದ್ದವು, ಪಾತ್ರೆಗಳು ಇಬ್ಬರಿಗೆ ಸಾಕಾಗುವಷ್ಟು. ಬಾಗಿಲಿನ ಹೊರಗೆ ಒಂದು ಬಟ್ಟೆಯ ಚಪ್ಪರ, ಅದರಡಿಯಲ್ಲಿ ಎರಡು ಕುರ್ಚಿ.

ಇಷ್ಟು ನೋಡಿದಾಗ ಬಹಳ ಖುಷಿಯಾಯಿತು. ಮರುದಿನ ಹತ್ತು ಗಂಟೆಯ ತನಕವೂ ಖುಷಿ ಇತ್ತು.

ನಮ್ಮದು ಸೂರ್ಯ ಮುಳುಗುವ ಕಡಲು. ಅಲ್ಲಿ ಕಡಲಿನಿಂದಲೇ ಹುಟ್ಟುತ್ತದೆ, ಜೂನಿನಲ್ಲಿ ಆರಕ್ಕೆ ಮುಂಚೆಯೇ. ಏಳು ಗಂಟೆಗೆಲ್ಲ ಬಿಸಿಲು ಕ್ಯಾರವಾನಿನ ಹೊಟ್ಟೆಗೆ ಹೊಡೆಯುತ್ತದೆ. ಮಧ್ಯಾಹ್ನದ ಮೇಲೆ ಹಿಂಬದಿಗೆ. ನಡುವೆ ನೆತ್ತಿಗೆ. ಬುಕ್ ಮಾಡುವಾಗ ನಮಗೆ ತೋರಿಸಿದ್ದು ಹೂವರಸಿ ಮರದ ಅಡಿಯ ಜಾಗ, ಕೊಟ್ಟದ್ದು ಬಯಲಿನಲ್ಲಿ ನಿಂತದ್ದು. ಮರದಡಿಯ ಜಾಗದವರು ಇನ್ನೂ ಒಂದು ವಾರ ಉಳಿಯುತ್ತಾರೆ, ಅವರನ್ನು ಎಬ್ಬಿಸಲು ಆಗುವುದಿಲ್ಲ ಅಂದರು ಮಾಲೀಕರು. ಅದನ್ನು ಮೊದಲೇ ಹೇಳಬಹುದಿತ್ತು ಅಲ್ವಾ? ಹೇಳಿದ್ದರೆ ನಾವು ಒಂದು ವಾರ ತಡವಾಗಿ ಬರುತ್ತಿದ್ದೆವು. ಇದು ನನ್ನ ದೊಡ್ಡ ದೂರು. ಬೇಕೆಂದೇ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ, ಆದರೆ ತಿಂಗಳಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಬರುವವರಿಗೆ ಎಲ್ಲ ಜಾಗವೂ ಒಂದೇ ಅಂದುಕೊಳ್ಳುವುದು ದೊಡ್ಡ ತಪ್ಪು. ಇವರ ಕೈಗಡಿಯಾರದ ಜೊತೆಗೆ ತಂದಿದ್ದ ಪುಟ್ಟ ಟೇಬಲ್ ಗಡಿಯಾರದಲ್ಲಿ ಉಷ್ಣತೆಯೂ ಕಾಣುತ್ತದೆ. ಎರಡನೇ ದಿನ ಮೂರು ಗಂಟೆಗೆ ಒಳಗೆ 39 ಡಿಗ್ರಿ.

ಅದರ ಮೇಲೆ ಕಚ್ಚಾನ್. ಬೆಟ್ಟ ದಾಟಿ ನೆಲದ ಕಡೆಯಿಂದ ಬರುವ ಒಣ ಬಿಸಿಗಾಳಿಗೆ ಅಲ್ಲಿನ ತಮಿಳರು ಇಟ್ಟ ಹೆಸರು ಅದು. ಮುಂಗಾರಿನ ಗಾಳಿ ತನ್ನ ನೀರನ್ನೆಲ್ಲ ಆಚೆ ಬದಿಯಲ್ಲಿ ಸುರಿದು, ಈಚೆ ಇಳಿಯುವಾಗ ಒಣಗಿ ಕಾದು ಬರುತ್ತದೆ. ನಮ್ಮಲ್ಲಿ ಅಂಗಳದಲ್ಲಿ ಪಾಚಿ ಕಟ್ಟುವ ಗಾಳಿಯೇ ಅಲ್ಲಿ ತುಟಿ ಒಡೆಯುವ ಹಾಗೆ ಬೀಸುತ್ತದೆ. ನೆಲಗಡಲೆಗೂ ಅವರು ಕಚ್ಚಾನ್ ಅಂತಲೇ ಹೇಳುತ್ತಾರೆ. ಗಾಳಿ ಜೋರು ಎಂಬ ಮಾತಿನ ನಡುವೆ ಕಡಲೆಕಾಯಿ ಯಾಕೆ ಬಂತು ಅಂತ ಮೊದಲ ದಿನ ನನಗೆ ತಿಳಿಯಲಿಲ್ಲ. ಮೂರನೇ ದಿನದ ಕಚ್ಚಾನಿಗೆ ಬಟ್ಟೆಯ ಚಪ್ಪರ ಹೊಲಿಗೆ ಬಿಟ್ಟು ಹರಿಯಿತು.

ಆ ಸಂಜೆ ಇವರು, ವಾಪಸ್ ಹೋಗುವುದಾ ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಬೇಲಿಯ ಬದಿಯಲ್ಲಿ ಬಿದ್ದಿದ್ದ ತೆಂಗಿನ ಮಡಲುಗಳನ್ನು ನೋಡುತ್ತಿದ್ದೆ.

ನಾನು ಹುಟ್ಟಿದ ಮನೆಗೆ ಮಡಲಿನ ಮಾಡು. ಪ್ರತಿ ಬೇಸಿಗೆಯಲ್ಲಿ ಅಮ್ಮ ಮಡಲನ್ನು ನೀರಿನಲ್ಲಿ ನೆನೆಸಿಟ್ಟು, ನಡುವಿಗೆ ಸೀಳಿ, ಅಂಗಳದಲ್ಲಿ ಕೂತು ಹೆಣೆಯುತ್ತಿದ್ದರು. ನಾವು ಮಕ್ಕಳು ಜೊತೆಗೆ. ಏಪ್ರಿಲ್ ಬಿಸಿಲಿಗೂ ಆ ಮನೆಯೊಳಗೆ ಮಲಗಬಹುದಿತ್ತು. ಕ್ಯಾಂಪ್ ನೋಡಿಕೊಳ್ಳುವವರು ನಮ್ಮದೇ ವಯಸ್ಸಿನವರು, ಮೊದಲು ಮೀನು ಹಿಡಿಯುತ್ತಿದ್ದವರು. ಅವರಿಗೆ ನನ್ನ ಮಲಯಾಳ ಬೆರೆತ ತಮಿಳಿನಲ್ಲಿ ಹೇಳಿದೆ, ಈ ತಗಡಿನ ಮೇಲೆ ಮಡಲು ಹಾಕಿದರೆ ಹೇಗೆ ಅಂತ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಅಕ್ಕಾ, ಕಿಡುಗು ಪಿನ್ನತ್ ತೆರಿಯುಮಾ?" ಅಂತ ಕೇಳಿದರು. ಹೆಣೆದ ಮಡಲಿಗೆ ಅಲ್ಲಿ ಕಿಡುಗು ಅಂತಾರೆ, ಅದನ್ನು ಹೆಣೆಯಲು ಗೊತ್ತಾ ಅಂತ ಕೇಳಿದ್ದು. ತೆರಿಯುಂ, ಗೊತ್ತು ಅಂದೆ. ಎರಡು ಸಂಜೆ ಕೂತು ಮೂವರೂ ಸೇರಿ ಮೂವತ್ತಕ್ಕೂ ಜಾಸ್ತಿ ಹೆಣೆದೆವು, ಅವರ ಹೆಂಡತಿಯೂ ಬಂದು ಕೂತರು. ಬೆರಳಿಗೆ ಆ ಕೆಲಸ ಮರೆತಿರಲಿಲ್ಲ. ನಾಲ್ಕು ಗಾಳಿಮರದ ಕಂಬ ನೆಟ್ಟು, ಕ್ಯಾರವಾನಿನ ಮಾಡಿಗೆ ತಾಗದ ಹಾಗೆ ಒಂದು ಅಡಿ ಅಂತರ ಬಿಟ್ಟು ಇವರು ಅಡ್ಡ ಕೋಲು ಕಟ್ಟಿದರು. ಆ ಅಂತರ ಮುಖ್ಯ, ಅದರೊಳಗಿಂದ ಗಾಳಿ ಓಡಾಡಬೇಕು. ಪಶ್ಚಿಮದ ಬದಿಯಲ್ಲಿ ಮಾಡನ್ನು ಜಾಸ್ತಿ ಇಳಿಸಿ ಕಟ್ಟಿದ್ದರಿಂದ ಮಧ್ಯಾಹ್ನದ ಬಿಸಿಲೂ ನಿಂತಿತು, ಕಚ್ಚಾನೂ ನೇರ ಹೊಡೆಯುವುದು ನಿಂತಿತು. ಏಳನೇ ದಿನ ಅದೇ ಗಡಿಯಾರ, ಅದೇ ಮೂರು ಗಂಟೆ, 33 ಡಿಗ್ರಿ. ಒಂಬತ್ತನೇ ದಿನ ಹೂವರಸಿ ಮರದ ಜಾಗ ಖಾಲಿಯಾಯಿತು, ಬರುತ್ತೀರಾ ಅಂತ ಮಾಲೀಕರು ಕೇಳಿದರು. ನಾವು ಹೋಗಲಿಲ್ಲ.

ಇಲ್ಲಿ ಒಂದು ಮಾತು. ಕೆಲವು ಕಡೆ ತೆಂಗಿನ ಮರದ ಕೆಳಗೇ ಕ್ಯಾರವಾನ್ ನಿಲ್ಲಿಸಿರುತ್ತಾರೆ, ಫೋಟೋದಲ್ಲಿ ತುಂಬಾ ಚಂದ ಕಾಣುತ್ತದೆ. ಕಾಯಿ ಕೊಯ್ದಿದ್ದಾರಾ ಅಂತ ಕೇಳದೆ ಅಲ್ಲಿ ಮಲಗಬೇಡಿ. ನಮ್ಮ ಊರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಹೇಳಬೇಕು.

ನೀರು. ಕುಡಿಯಲು 19 ಲೀಟರಿನ ಕ್ಯಾನ್ ತರಿಸಿಕೊಳ್ಳಬೇಕು, ಇಬ್ಬರಿಗೆ ಅಡಿಗೆಗೂ ಸೇರಿ ಎರಡೂವರೆ ದಿನ ಬರುತ್ತಿತ್ತು. ನಲ್ಲಿಯಲ್ಲಿ ಬರುವುದು ಬಾವಿಯ ನೀರು, ಸ್ವಲ್ಪ ಉಪ್ಪು. ಸ್ನಾನಕ್ಕೆ, ಬಟ್ಟೆಗೆ ಪರವಾಗಿಲ್ಲ, ಸೋಪು ಮಾತ್ರ ನೊರೆ ಬರುವುದಿಲ್ಲ. ತೊಗರಿಬೇಳೆ ಆ ನೀರಿನಲ್ಲಿ ಬೇಯುವುದೇ ಇಲ್ಲ, ಕ್ಯಾನಿನ ನೀರನ್ನೇ ಹಾಕಬೇಕು.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ಆದರೆ ವಯಸ್ಸಾದವರಿಗೆ ಅದೇ ಮೊದಲ ಪ್ರಶ್ನೆ. ಕ್ಯಾರವಾನಿನ ಒಳಗೆ ಇರುವುದು ಪೆಟ್ಟಿಗೆಯ ಶೌಚಾಲಯ. ಕೆಳಗಿನ ಪೆಟ್ಟಿಗೆ ತುಂಬಿದ ಮೇಲೆ ಹೊರಗಿನಿಂದ ಎಳೆದು ಖಾಲಿ ಮಾಡಿ, ಔಷಧಿ ಹಾಕಿ ಮತ್ತೆ ಇಡಬೇಕು. ದಿನ ಬಿಟ್ಟು ದಿನ ನಾವೇ ಮಾಡುತ್ತೇವೆ ಅಂತ ಕ್ಯಾಂಪಿನವರು ಹೇಳಿದ್ದರು. ಒಮ್ಮೆ ನಾಲ್ಕು ದಿನ ಮಾಡಲಿಲ್ಲ. ಆ ಬಿಸಿಲಿಗೆ ನಾಲ್ಕು ದಿನ ಅಂದರೆ ಏನು ಅಂತ ಬಿಡಿಸಿ ಹೇಳುವುದಿಲ್ಲ. ಆಮೇಲೆ ನಾವು ಅದನ್ನು ರಾತ್ರಿಗೆ ಮಾತ್ರ ಇಟ್ಟುಕೊಂಡೆವು. ಹಗಲು ಐವತ್ತು ಹೆಜ್ಜೆ ದೂರದ ಸಾಮಾನ್ಯ ಶೌಚಾಲಯ ಇದೆ, ಎರಡು ಬಾರಿ ತೊಳೆಯುತ್ತಾರೆ, ನಿಜಕ್ಕೂ ಶುಚಿ. ಮಂಡಿ ನೋವು ಇರುವವರು ರಾತ್ರಿ ಮರಳಿನಲ್ಲಿ ಅಷ್ಟು ದೂರ ನಡೆಯುವ ಹಾಗಿರಬಾರದು. ಒಳಗಿನ ವ್ಯವಸ್ಥೆ ಸರಿಯಾಗಿದೆಯಾ ಅಂತ ಮೊದಲ ದಿನವೇ ನೋಡಿಕೊಳ್ಳಿ.

ಕರೆಂಟು ಅಲ್ಲೂ 230 ವೋಲ್ಟ್. ನಮ್ಮ ದುಂಡು ಪಿನ್ನಿನ ಪ್ಲಗ್ ಹಳೆಯ ಸಾಕೆಟ್ಟಿಗೆ ಹೋಗುತ್ತದೆ, ಹೊಸ ಸಾಕೆಟ್ಟುಗಳಿಗೆ ಗಲ್ಫಿನ ಚಪ್ಪಟೆ ಪಿನ್ ಬೇಕು. ನಮ್ಮ ಜಿಲ್ಲೆಯಲ್ಲಿ ಯಾವ ಮನೆಯಲ್ಲಾದರೂ ಅಂಥ ಒಂದು ಅಡಾಪ್ಟರ್ ಸಿಗುತ್ತದೆ, ತೆಗೆದುಕೊಂಡು ಹೋಗಿ. ಕರೆಂಟಿನ ದುಡ್ಡು ಬಾಡಿಗೆಯಲ್ಲಿ ಸೇರಿಲ್ಲ, ಪ್ರತಿ ಕ್ಯಾರವಾನಿಗೂ ಮೀಟರ್ ಇದೆ. ಇವರಿಗೆ ಕೆಲಸದ ಅಭ್ಯಾಸ, ಬಂದ ದಿನವೇ ರೀಡಿಂಗ್ ಬರೆದುಕೊಂಡು, ಆಮೇಲೆ ದಿನಾ ಬೆಳಗ್ಗೆ ಬರೆಯುತ್ತಿದ್ದರು. ಕೊನೆಗೆ ಬಿಲ್ಲು ಕೊಟ್ಟಾಗ ನಮಗಿಂತ ಮುಂಚೆ ಇದ್ದವರ ಯೂನಿಟ್ಟೂ ನಮ್ಮ ಲೆಕ್ಕದಲ್ಲಿ ಸೇರಿತ್ತು. ಪುಸ್ತಕ ತೋರಿಸಿದ ಕೂಡಲೇ ಸರಿ ಮಾಡಿಕೊಟ್ಟರು, ಚರ್ಚೆ ಮಾಡಲಿಲ್ಲ, ಕ್ಷಮೆ ಕೇಳಿದರು. ಆದರೆ ಬರೆದಿಟ್ಟುಕೊಳ್ಳದವರು ಏನು ಮಾಡುತ್ತಾರೆ? ಬಂದ ದಿನ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಊಟ, ಇದರ ಬಗ್ಗೆ ಬರೆಯಲು ನನಗೆ ಸಂತೋಷ. ಬೆಳಗ್ಗೆ ಏಳರ ಹೊತ್ತಿಗೆ ದಂಡೆಯಲ್ಲಿ ಕರೆವಲೆ ಎಳೆಯುತ್ತಾರೆ. ನಮ್ಮ ಕೈರಂಪಣಿಯೇ. ದೋಣಿಯಲ್ಲಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಎರಡು ಗುಂಪು ಎಳೆಯುವುದು. ಹಾಡಿನ ಹಾಗೆ ಒಂದು ಕೂಗು, ಕೂಗಿಗೆ ಸರಿಯಾಗಿ ಹೆಜ್ಜೆ. ಚಿಕ್ಕವಳಿರುವಾಗ ಕುಂಬಳೆಯ ಕೊಯಿಪ್ಪಾಡಿ ದಂಡೆಯಲ್ಲಿ ನೋಡಿದ್ದು ನೆನಪಾಯಿತು. ಮೂರನೇ ದಿನದಿಂದ ಇವರೂ ಹಗ್ಗ ಹಿಡಿದರು. ಎಳೆದವರಿಗೆ ಒಂದು ಪಾಲು ಇದೆ ಅಂತ ಒಂದು ಹಿಡಿ ಮೀನು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಬೂತಾಯಿ, ಬಂಗುಡೆ, ಪಾರೆ, ಒಮ್ಮೊಮ್ಮೆ ಕೇದರ. ದೊಡ್ಡ ಅಂಜಲ್ ಬೇಕಾದರೆ ಪೊತ್ತುವಿಲ್ ಪೇಟೆಗೆ ಹೋಗಬೇಕು.

ಮನೆಯಿಂದ ನಾನು ಮಸಾಲೆ ಪುಡಿ ಮತ್ತು ಐದು ಕಿಲೋ ಕುಚ್ಚಲಕ್ಕಿ ಹೊತ್ತುಕೊಂಡು ಹೋಗಿದ್ದೆ. ಅಕ್ಕಿಯ ಅಗತ್ಯ ಇರಲಿಲ್ಲ. ಅಲ್ಲಿ ಕೆಂಪು ನಾಡು ಅಂತ ಒಂದು ಅಕ್ಕಿ ಸಿಗುತ್ತದೆ, ಬೇಯಿಸಿದ ಭತ್ತದ ಅಕ್ಕಿ, ಗಂಜಿಗೆ ನಮ್ಮದರ ಹಾಗೆಯೇ. ಮೀನಿಗೆ ಅವರು ಹಾಕುವ ಗೊರಕ ನಮ್ಮ ಕುಡಂಪುಳಿಯ ಹತ್ತಿರದ್ದು. ಅಂಗಡಿಯಲ್ಲಿ ಹೆಸರು ಗೊತ್ತಿಲ್ಲದೆ ನಾನು ಕೈ ತೋರಿಸಿ ಮೂಸಿ ನೋಡಿದೆ, ಅಷ್ಟರಲ್ಲೇ ಗೊತ್ತಾಯಿತು. ಗ್ಯಾಸ್ ಸಿಲಿಂಡರ್ 5 ಕಿಲೋದ್ದು ಕ್ಯಾಂಪಿನವರೇ ಕೊಟ್ಟರು, 24 ದಿನಕ್ಕೆ ಒಂದು ಮುಗಿದು ಎರಡನೆಯದು ಅರ್ಧ ಆಯಿತು. ಮೀನು ಹುರಿಯುವುದನ್ನು ಮಾತ್ರ ಹೊರಗೆ ಮಾಡಿ. ಕ್ಯಾರವಾನಿನ ಒಳಗೆ ಒಮ್ಮೆ ಹುರಿದರೆ ಹಾಸಿಗೆಯಲ್ಲೂ ಮೂರು ದಿನ ವಾಸನೆ. ಅಡಿಗೆ ಬೇಡ ಅನ್ನಿಸಿದ ದಿನ ರಸ್ತೆ ಬದಿಯ ಹೋಟೆಲಿನಲ್ಲಿ ಪಿಟ್ಟು, ಅಂದರೆ ಪುಟ್ಟು, ಇಲ್ಲವಾದರೆ ಇಡಿಯಾಪ್ಪ, ಜೊತೆಗೆ ತೆಂಗಿನಕಾಯಿಯ ಸಂಬೋಲ. ರಾತ್ರಿ ಕೊತ್ತು ರೊಟ್ಟಿ. ಎಲ್ಲದರಲ್ಲೂ ತೆಂಗು ಇದೆ, ಹಾಗಾಗಿ ನಮ್ಮ ಹೊಟ್ಟೆಗೆ ಒಂದು ದಿನವೂ ತೊಂದರೆ ಆಗಲಿಲ್ಲ. ತಂಬಿಲಿ ಅನ್ನುವ ಕೇಸರಿ ಬಣ್ಣದ ಎಳನೀರು ಎಲ್ಲ ಕಡೆ ಸಿಗುತ್ತದೆ. ಇವರು ಅದನ್ನು ನಮ್ಮ ಗೆಂದಾಳಿ ಬೊಂಡಕ್ಕೆ ಹೋಲಿಸಿ, ಸಿಹಿಯಲ್ಲಿ ನಮ್ಮದೇ ಮೇಲು ಅಂದರು. ನನಗೆ ತಂಬಿಲಿಯೇ ಇಷ್ಟವಾಯಿತು.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚಿರುತ್ತವೆ. ಹುಣ್ಣಿಮೆಯ ದಿನ ಇಡೀ ದೇಶಕ್ಕೆ ರಜೆ. ಜೂನಿನ ಹುಣ್ಣಿಮೆ ಪೊಸೊನ್, ಆ ದೇಶಕ್ಕೆ ಬೌದ್ಧ ಧರ್ಮ ಬಂದ ದಿನ ಅಂತ ಆಚರಿಸುತ್ತಾರೆ. ಅಂದು ದಾರಿ ಬದಿಯಲ್ಲಿ ಚಪ್ಪರ ಹಾಕಿ ಹೋಗುವವರಿಗೆಲ್ಲ ಧರ್ಮಕ್ಕೆ ಊಟ ಕೊಡುತ್ತಾರೆ, ದನ್ಸಲ್ ಅಂತಾರೆ. ನಮ್ಮನ್ನೂ ನಿಲ್ಲಿಸಿ ಕೂರಿಸಿದರು.

ಆನೆ ಇದೆ, ಅದನ್ನೂ ತಿಳಿದುಕೊಂಡು ಹೋಗಿ. ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆಯವರಿಗೆ ಆನೆ ಹೊಸತಲ್ಲ. ಅರುಗಂ ಬೇಯಲ್ಲಿ ಹಿನ್ನೀರಿನ ಬದಿಯಿಂದ ರಾತ್ರಿ ಬರುತ್ತವೆ. ಬಾಳೆಹಣ್ಣು, ಅನಾನಸು, ಹಲಸು ಕ್ಯಾರವಾನಿನಲ್ಲಿ ಇಡಬಾರದು ಅಂತ ಮೊದಲ ದಿನವೇ ಕಟ್ಟುನಿಟ್ಟಾಗಿ ಹೇಳಿದರು, ಹಣ್ಣಿಗೆಲ್ಲ ಕಚೇರಿಯಲ್ಲಿ ಮುಚ್ಚಿದ ಪೆಟ್ಟಿಗೆ ಇದೆ. ಹದಿನಾರನೇ ರಾತ್ರಿ ನಾಯಿಗಳು ಬಹಳ ಬೊಗಳಿದವು. ಬೆಳಗ್ಗೆ ನೋಡಿದರೆ ಬೇಲಿಯ ಆಚೆ ಲದ್ದಿ, ಮರಳಿನಲ್ಲಿ ಮುಚ್ಚಳದಷ್ಟು ದೊಡ್ಡ ಹೆಜ್ಜೆಗಳು. ಬೇಲಿಯ ಸೋಲಾರ್ ತಂತಿಯನ್ನು ಸಂಜೆ ಆರಕ್ಕೆ ತಪ್ಪದೆ ಹಾಕುತ್ತಾರೆ. ಈ ವಿಷಯದಲ್ಲಿ ಕ್ಯಾಂಪಿನವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಕಡಲಿಗೆ ಇಳಿಯುವುದಾದರೆ ಬೆಳಗ್ಗೆ ಇಳಿಯಿರಿ, ಕೊಲ್ಲಿಯ ಒಳಬದಿಯಲ್ಲಿ. ಅಲೆ ಹಲಗೆಯವರು ಆಡುವ ತುದಿಯ ಹತ್ತಿರ ಸೆಳೆತ ಜಾಸ್ತಿ. ಒಂದು ಸಂಜೆ ಕ್ಯಾಂಪ್ ನೋಡಿಕೊಳ್ಳುವವರು 2004ರ ಡಿಸೆಂಬರ್ 26ರ ಮಾತು ಎತ್ತಿದರು. ಅಂದು ಆ ದೇಶದಲ್ಲಿ 30 ಸಾವಿರಕ್ಕೂ ಜಾಸ್ತಿ ಜನ ಸುನಾಮಿಗೆ ಹೋದರು, ಈ ಕೊಲ್ಲಿಯ ಊರಿನಲ್ಲಿ ಮನೆಗಳೇ ಉಳಿಯಲಿಲ್ಲ, ಹಿನ್ನೀರಿನ ಮೇಲಿನ ಸೇತುವೆ ಹಾಳಾಯಿತು. ಈಗ ಇರುವುದು ಆಮೇಲೆ ಕಟ್ಟಿದ್ದು. ಅವರ ಮನೆ ಇದ್ದ ಜಾಗವನ್ನು ಕೈ ಎತ್ತಿ ತೋರಿಸಿದರು. ಅಲ್ಲಿ ಈಗ ದೋಣಿ ಎಳೆದು ಇಟ್ಟಿದ್ದಾರೆ. ಆಮೇಲೆ ಅವರು ಹತ್ತು ವರ್ಷ ಕಡಲಿಗೆ ಇಳಿಯಲಿಲ್ಲವಂತೆ. ಅಷ್ಟು ಹೇಳಿ, ನೀರಿನ ಕ್ಯಾನ್ ಬದಲಿಸಲು ಎದ್ದು ಹೋದರು. ಅಪಾಯದ ಸೂಚನೆ ಬಂದರೆ ಯಾವ ದಾರಿಯಲ್ಲಿ ಎತ್ತರಕ್ಕೆ ಓಡಬೇಕು ಅಂತ ಕ್ಯಾರವಾನಿನ ಬಾಗಿಲಿನ ಒಳಬದಿಯಲ್ಲಿ ನಕ್ಷೆ ಅಂಟಿಸಿದ್ದಾರೆ. ಮರುದಿನ ನಾವಿಬ್ಬರೂ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ ಬಂದೆವು.

ಸುತ್ತಾಟ ನಾವು ಜಾಸ್ತಿ ಮಾಡಲಿಲ್ಲ. ಕುಮನ ಕಾಡಿನ ಪಕ್ಷಿಗಳನ್ನು ನೋಡಲು ಒಂದು ದಿನ, ಪಾನಮ ದಾಟಿ ಒಕಂದ ಮುರುಗನ ಗುಡಿಗೆ ಒಂದು ದಿನ. ಅಲ್ಲಿಗೆ ಹೋದದ್ದು ನಮ್ಮ ಪುಣ್ಯ. ಉತ್ತರದ ಯಾಳ್ಪಾಣದಿಂದ, ಅಂದರೆ ಜಾಫ್ನಾದಿಂದ, ದಕ್ಷಿಣದ ಮುರುಗನ ಕ್ಷೇತ್ರ ಕತಿರ್ಗಾಮಕ್ಕೆ ತಿಂಗಳಿಗೂ ಜಾಸ್ತಿ ನಡೆಯುವ ಪಾದಯಾತ್ರೆಯವರು ಆ ವಾರ ಅಲ್ಲಿ ತಂಗಿದ್ದರು. ಕಾಡಿನ ಗೇಟು ತೆರೆಯುವುದನ್ನೇ ಕಾಯುತ್ತಿದ್ದರು. ನನಗಿಂತ ದೊಡ್ಡ ವಯಸ್ಸಿನ ಒಬ್ಬ ಅಜ್ಜಿ ಬರಿಗಾಲಿನಲ್ಲಿ, ಒಂದು ಸಣ್ಣ ಗಂಟು, ಒಂದು ಕೋಲು. ಎಲ್ಲಿಂದ ಬಂದಿರಿ ಅಂತ ಅವರೇ ನನ್ನನ್ನು ಕೇಳಿದರು. ಕಾಸರಗೋಡು ಅಂದರೆ ತಿಳಿಯಲಿಲ್ಲ. ಸುಬ್ರಹ್ಮಣ್ಯದ ಹತ್ತಿರ, ಅಲ್ಲಿಯೂ ಮುರುಗನ್ ಇದ್ದಾನೆ ಅಂದೆ. ಹಾಗಾದರೆ ಹತ್ತಿರವೇ ಅಂದರು.

ದುಡ್ಡಿನ ಲೆಕ್ಕ. ಕ್ಯಾರವಾನಿಗೆ ರಾತ್ರಿಗೆ 7,500 ಶ್ರೀಲಂಕಾ ರೂಪಾಯಿ, ಮೂರು ವಾರ ದಾಟಿದರೆ ನೂರಕ್ಕೆ ಇಪ್ಪತ್ತು ಕಡಿಮೆ. 24 ರಾತ್ರಿಗೆ 1,44,000 ಆಯಿತು. ನಮ್ಮ ಒಂದು ರೂಪಾಯಿಗೆ ಅವರ ಮೂರೂವರೆಯ ಲೆಕ್ಕ ಹಿಡಿದರೆ ನಮ್ಮ 41 ಸಾವಿರ ಚಿಲ್ಲರೆ. ಕರೆಂಟು, ನೀರಿನ ಕ್ಯಾನು, ಗ್ಯಾಸು ಬೇರೆ. ಕಡಲ ಬದಿಯ ಹೋಟೆಲಿನಲ್ಲಿ ಇಷ್ಟು ದಿನ ಇರುವುದು ನಮ್ಮಂಥ ಪಿಂಚಣಿಯವರಿಂದ ಆಗುವ ಕೆಲಸವಲ್ಲ, ಅಡಿಗೆ ಮಾಡಿಕೊಂಡು ಇರಲೂ ಬಿಡುವುದಿಲ್ಲ. ಆ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಮೊದಲ ಆರು ದಿನದ ಬಿಸಿಲಿಗೆ ಏನಾದರೂ ಕಡಿಮೆ ಮಾಡಬಹುದಿತ್ತು, ಮಾಡಲಿಲ್ಲ. ಕೇಳಿದಾಗ, ಮಡಲಿನ ಖರ್ಚು ನಮ್ಮದು ಅಂದರು. ಮಡಲು ಅಲ್ಲೇ ಬಿದ್ದಿದ್ದದ್ದು, ಹೆಣೆದದ್ದು ನಾವು.

ಅಲ್ಲಿದ್ದಷ್ಟು ದಿನ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ತಂದಿತು, 2022ರಲ್ಲಿ ವಾಗಮಣ್‌ನಲ್ಲಿ ಮೊದಲ ಪಾರ್ಕ್ ಆಯಿತು. ನಮ್ಮ ಕಣ್ವತೀರ್ಥದ ದಂಡೆ, ಬೇಕಲದ ಆಚೆ ಈಚೆಯ ತೆಂಗಿನ ತೋಟಗಳು, ವಲಿಯಪರಂಬದ ಹಿನ್ನೀರು, ಇವುಗಳಿಗೆ ಏನು ಕಡಿಮೆ? ನವೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಡಲು ಅಷ್ಟೇ ತಿಳಿ. ಪೂರ್ವ ಲಂಕೆಯಲ್ಲಿ ಮಳೆ ಬೀಳುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಎಂಟು ಕ್ಯಾರವಾನ್, ಒಂದು ಶುಚಿಯಾದ ಶೌಚಾಲಯ, ಮಡಲಿನ ಮಾಡು, ಹತ್ತಿರದ ಮನೆಯವರು ಮಾಡುವ ಪುಟ್ಟು ಮತ್ತು ಮೀನಿನ ಪದಾರ್ಥ. ದೊಡ್ಡ ರೆಸಾರ್ಟಿಗಿಂತ ಇದು ಎಷ್ಟೋ ಮನೆಗಳಿಗೆ ಅನ್ನ ಕೊಡುತ್ತದೆ. ಮಾಡುವ ಮನಸ್ಸಿರುವವರು ಯಾರಾದರೂ ಓದುತ್ತಿದ್ದರೆ, ಮಡಲು ಹೆಣೆಯಲು ನಾನು ಬರುತ್ತೇನೆ, ನಿಜವಾಗಿಯೂ ಬರುತ್ತೇನೆ.

ಹೋಗುವವರಿಗೆ ಇನ್ನೊಂದೇ ವಿಷಯ. ಹೆಣೆದ ಮಡಲು ಒಂದು ಮಳೆಗಾಲ ದಾಟಿದರೆ ಕರಗಿ ಹೋಗುತ್ತದೆ, ಮತ್ತೆ ಹೊಸದು ಹಾಕಬೇಕು. ಅಲ್ಲಿ ಮಳೆ ಶುರುವಾಗುವುದು ಅಕ್ಟೋಬರಿನಲ್ಲಿ. ಅದರೊಳಗೆ ಹೋಗುವುದಾದರೆ ದಕ್ಷಿಣದ ತುದಿಯ ನೀಲಿ ಪಟ್ಟೆಯ ಕ್ಯಾರವಾನನ್ನೇ ಕೇಳಿ. ಪಶ್ಚಿಮದ ಬದಿಯ ಎರಡು ಕಂಬಗಳ ನಡುವೆ ಬಟ್ಟೆ ಒಣಗಿಸಲು ಕಟ್ಟಿದ ಹಸಿರು ಹಗ್ಗ ನಮ್ಮದು, ಬಿಚ್ಚದೆ ಬಿಟ್ಟು ಬಂದಿದ್ದೇವೆ.